ನೇತ್ರದಾನವೂ ನೇತ್ರರಕ್ಷಣೆಯೂ

2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರರು ಅಕಾಲಮರಣಕ್ಕೀಡಾದಾಗ ಅವರ ನೇತ್ರಗಳು ನಾಲ್ವರಿಗೆ ದೃಷ್ಟಿಯನ್ನಿತ್ತವು. 2006ರಲ್ಲಿ ತಂದೆ ಡಾ. ರಾಜಕುಮಾರರು ಹಾಕಿಕೊಟ್ಟ ಮೇಲ್ಪಂಕ್ತಿಯನ್ನು ಮಗನೂ ಅನುಸರಿಸಿದುದನ್ನು ಕಂಡು ಕನ್ನಡನಾಡಿನ ಸಹಸ್ರಾರು ಜನರು ನೇತ್ರದಾನದ ಪತ್ರಗಳಿಗೆ ರುಜು ಹಾಕಿದರು. ಈ ಉದಾರಬುದ್ಧಿಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಮರಣಾನಂತರ ಕಣ್ಣನ್ನು ಕೊಡಲೊಪ್ಪಿದ ಈ ಮಹನೀಯರಲ್ಲಿ ಎಷ್ಟು ಮಂದಿ ಜೀವಿತಕಾಲದಲ್ಲಿ ಅದೇ ಕಣ್ಣನ್ನು ವೈದ್ಯರಿಗೆ ತೋರಿಸಿಕೊಂಡಿದ್ದಾರೆಂದು ಕೇಳುವುದು ಅನುಚಿತವಾಗಲಾರದೆಂದು ನಾವು ನಂಬಿದ್ದೇವೆ.

ದಾನವಾಗಿ ಬಂದ ಕಣ್ಣಿನಿಂದ ವೈದ್ಯರು ಬದಲಿಸಬಲ್ಲುದು ಮುಂಭಾಗದ ಪಾರದರ್ಶಕ ಪಟಲವನ್ನಷ್ಟೆ. ಒಳಗಣ ಅಕ್ಷಿಪಟಲವಾಗಲಿ, ಮೆದುಳಿಗೆ ಹೋಗುವ ದೃಷ್ಟಿನರವಾಗಲಿ ನಷ್ಟವಾದರೆ ಅದಕ್ಕೆ ಬದಲಿಯಿಲ್ಲ. ಗ್ಲಾಕೋಮ ಎಂಬ ವ್ಯಾಧಿಯು ಕೆಡಿಸುವುದು ಈ ನರವನ್ನೇ. ಬಹುಮಟ್ಟಿಗೆ ಅದಕ್ಕೆ ನೋವಿಲ್ಲ, ಕೆಂಪಿಲ್ಲ. ನೋಟದ ಅಂಚುಗಳು ಮೊದಲು ಸವೆಯುತ್ತವೆ, ನಡುನೋಟವು ಕಡೆಯವರೆಗೂ ಸ್ಪಷ್ಟವಾಗಿರುತ್ತದೆ. ಆದುದರಿಂದ ರೋಗಿಯು ತನಗೆ ರೋಗವುಂಟೆಂದು ಅರಿಯುವುದು ಬಹುಭಾಗ ಕಳೆದುಹೋದ ಮೇಲೆಯೇ. ಔಷಧದಿಂದ ಉಳಿದುದನ್ನು ಕಾಪಾಡಬಹುದೇ ಹೊರತು ಹೋದುದು ಮರಳದು. ಮಧುಮೇಹಿಗಳ ಅಕ್ಷಿಪಟಲದ ರಕ್ತನಾಳಗಳು ಕೆಡುವ ಬಗೆಯೂ ಇಂಥದೇ. ಮಧುಮೇಹವುಳ್ಳವರು ವರ್ಷಕ್ಕೊಮ್ಮೆ ಪಾಪೆಯನ್ನು ಹಿಗ್ಗಿಸಿ ಒಳಗಣ್ಣನ್ನು ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರು ಹೇಳುವುದು ಅದಕ್ಕಾಗಿಯೇ.

ಕಣ್ಣಿನ ಪೊರೆಯ ಮಾತು ಬೇರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ 50 ವರ್ಷ ಮೀರಿದವರ ಅಂಧತ್ವದಲ್ಲಿ ಶೇಕಡ 66.2 ಭಾಗವು ಪೊರೆಯಿಂದ ಬಂದದ್ದು. ಅಲ್ಪಕಾಲದ ಶಸ್ತ್ರಚಿಕಿತ್ಸೆಯಿಂದ ಗುಣವಾಗುವಂಥದು. ಕಣ್ಣಿನೊಳಗೆ ಇಡುವ ಮಸೂರವನ್ನು ಒಂದು ಕಾಲದಲ್ಲಿ ದುಬಾರಿ ಬೆಲೆಗೆ ಪರದೇಶಗಳಿಂದ ತರಿಸಬೇಕಾಗಿತ್ತು. 1992ರಿಂದ ಮಧುರೆಯಲ್ಲಿಯೇ ಅದು ತಯಾರಾಗತೊಡಗಿ, ಬಡವನ ಕೈಗೆಟುಕುವ ಬೆಲೆಗೆ ಇಳಿದುದು ಸ್ವದೇಶೀ ಉದ್ಯಮದ ಅಭಿಮಾನಾಸ್ಪದವಾದ ಸಾಧನೆ. ಹೀಗಿದ್ದೂ ‘ಪೊರೆ ಇನ್ನೂ ಬಲಿಯಲಿ’ ಎಂದು ಮುದುಕರನ್ನು ಮೂಲೆಯಲ್ಲಿ ಕೂರಿಸುವ ಹಳೆಯ ರೂಢಿ ಹೋಗಿಲ್ಲ. ಬಲಿಯುವವರೆಗೆ ಕಾಯಬೇಕಾದ ಅಗತ್ಯ ಈಗಿನ ಚಿಕಿತ್ಸೆಯಲ್ಲಿ ಇಲ್ಲವೇ ಇಲ್ಲ.

ಪಟ್ಟಣವಾಸಿಗಳಾದ ವಿದ್ಯಾವಂತರ ರೂಢಿಯಾದರೂ ಇದಕ್ಕಿಂತ ಮೇಲೆಂದು ಹೇಳುವಂತಿಲ್ಲ. ನಲವತ್ತಕ್ಕೆ ಬರುವ ಕನ್ನಡಕಕ್ಕೆ ನಮ್ಮ ಜನ ಚಾಳೀಸು ಎಂದೇ ಹೆಸರಿಟ್ಟಿದ್ದಾರೆ. ಪತ್ರಿಕೆಯನ್ನು ಮಾರುದ್ದ ದೂರ ಹಿಡಿಯುವ ಕಾಲ ಬಂದೊಡನೆ ನಮ್ಮ ಗೃಹಸ್ಥನು ಬೀದಿಬದಿಯ ಅಂಗಡಿಯಲ್ಲಿ ಸಿದ್ಧ ಚಾಳೀಸೊಂದನ್ನು ಕೊಂಡು, ಅಕ್ಷರ ಕಂಡಿತೆಂದು ಸಂತುಷ್ಟನಾಗುತ್ತಾನೆ. ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳಬೇಕಾದ ವಯಸ್ಸೂ ಅದೇ ನಲವತ್ತು! ಅಕ್ಷರ ಕಾಣುವುದು ಬೇರೆ, ಕಣ್ಣು ಆರೋಗ್ಯವಾಗಿರುವುದು ಬೇರೆ.

ಇನ್ನು ಸರ್ಕಾರದ ಕ್ರಮವನ್ನು ನೋಡೋಣ. ರೈಲ್ವೆಯವರು ಇಂಜಿನು ನಡೆಸುವವರ ಕಣ್ಣನ್ನು ನಿಯತಕಾಲದಲ್ಲಿ ಪರೀಕ್ಷಿಸದೆ ಬಿಡುವುದಿಲ್ಲ. ರಸ್ತೆಯ ಮೇಲೆ ಸ್ವಂತ ಕಾರು ನಡೆಸಬಯಸುವವನಾದರೋ, ನಲವತ್ತು ತುಂಬದಿದ್ದರೆ, 25 ಮೀಟರ್ ದೂರದ ವಾಹನದ ಸಂಖ್ಯೆ ತನಗೆ ಕಾಣುತ್ತದೆಂದು ತಾನೇ ಬರೆದುಕೊಟ್ಟರೆ ಸಾಕಾಗಿದೆ. ಇಂಥ ಸಾಕ್ಷ್ಯವನ್ನು ಯಾವ ನ್ಯಾಯಸ್ಥಾನವಾದರೂ ಒಪ್ಪೀತೇ?

ಅಂಧತ್ವನಿವಾರಣೆಗೆ 1976ರಲ್ಲಿಯೇ ರಾಷ್ಟ್ರೀಯ ಯೋಜನೆ ಹೂಡಿದ ದೇಶ ನಮ್ಮದು. ಬಿಳಗಿಯ ಡಾ. ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಶಿಬಿರಗಳನ್ನು ಕೊಂಡೊಯ್ದು ರೋಗಿಯ ಬಳಿಗೇ ವೈದ್ಯ ಹೋಗಬಹುದೆಂದು ತೋರಿಸಿಕೊಟ್ಟರು. ರಾಜ್ಯಸರ್ಕಾರವು 2023ರಲ್ಲಿ ಆರಂಭಿಸಿದ ‘ಆಶಾಕಿರಣ’ವು ಮನೆಮನೆಗೆ ಹೋಗಿ ಕಣ್ಣು ನೋಡಿ ಉಚಿತ ಕನ್ನಡಕ ಕೊಡುವ ಕಾರ್ಯವನ್ನು ಕೈಕೊಂಡಿತು; ಕನ್ನಡಕದ ಮೇಲಿನ ತೆರಿಗೆಯೂ 2025ರ ಸೆಪ್ಟೆಂಬರಿನಲ್ಲಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಅಕ್ಷರಫಲಕವನ್ನು ಓದಿಸಿ ಕನ್ನಡಕ ಕೊಡುವುದರಿಂದಲೇ ಗ್ಲಾಕೋಮವೂ ಮಧುಮೇಹದ ನೇತ್ರದೋಷವೂ ಬಯಲಾಗುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲೆಲ್ಲ ಒತ್ತಡಮಾಪಕವೂ ಅಕ್ಷಿಪಟಲದ ಚಿತ್ರ ತೆಗೆಯುವ ಯಂತ್ರವೂ, ಅವನ್ನು ಬಳಸಬಲ್ಲ ಸಿಬ್ಬಂದಿಯೂ ಇರಬೇಕು. ಮಧುಮೇಹದ ಔಷಧಕ್ಕೆಂದು ಬಂದವರನ್ನು ಅದೇ ದಿನ, ಅದೇ ಕಟ್ಟಡದಲ್ಲಿ ನೇತ್ರಪರೀಕ್ಷೆಗೆ ಕಳುಹಿಸುವ ಕ್ರಮವನ್ನು ಆರೋಗ್ಯ ಇಲಾಖೆಯವರು ವಿಳಂಬವಿಲ್ಲದೆ ಜಾರಿಗೆ ತರಬೇಕು. ಒಂದು ದಿನದ ಕೂಲಿ ಬಿಟ್ಟು ಬಂದವನನ್ನು ಮತ್ತೊಂದು ದಿನ ಬಾ ಎಂದರೆ ಅವನು ಬರುವುದಿಲ್ಲವೆಂಬುದು ಇಲಾಖೆಯವರಿಗೆ ತಿಳಿಯದ ಸಂಗತಿಯಲ್ಲ.