ಕೆಂಗೇರಿ ಮಳಿಗೆಯ ಸರಕುಪಟ್ಟಿ ಮೊಟಕುಗೊಳಿಸುವ ಮುನ್ನ ಪುರಾವೆ ಪರಿಶೀಲಿಸಲು ಕೋರಿ ಮನವಿ

ಗೆ,
ಮಾನ್ಯ ಅಧ್ಯಕ್ಷರು ಹಾಗೂ ಆಡಳಿತ ಮಂಡಳಿಯ ನಿರ್ದೇಶಕರು,
ಸಹಕಾರ ಸಂಘದ ಕೇಂದ್ರ ಕಚೇರಿ, ಬೆಂಗಳೂರು

ಇಂದ,
ಕೆಂಗೇರಿ ಮತ್ತು ಕೆಂಗೇರಿ ಉಪನಗರದ ಷೇರುದಾರ ಸದಸ್ಯರು

ಮಾನ್ಯರೇ,

ಕಳೆದ ಆಷಾಢದಲ್ಲಿ ಕೇಂದ್ರ ಕಚೇರಿ ಹೊರಡಿಸಿದ ಸುತ್ತೋಲೆಯಂತೆ ‘ನಿಧಾನ ಮಾರಾಟ’ದ ಸರಕುಗಳನ್ನು ಎಲ್ಲ ಮಳಿಗೆಗಳಿಂದ ತೆಗೆಯಲಾಗುತ್ತಿದೆ. ಕೆಂಗೇರಿ ಮಳಿಗೆಯಲ್ಲಿ ನವಣೆ, ಸಾಮೆ, ಕೊರಲೆ, ಹುರುಳಿ, ಹಿದುಕಿದ ಬೇಳೆ, ಹುಚ್ಚೆಳ್ಳು ಎಣ್ಣೆ, ರಾಗಿ ಹುರಿಹಿಟ್ಟು ಈಗಾಗಲೇ ಇಲ್ಲ. ಕಾಲು ಕಿಲೋ, ಅರ್ಧ ಕಿಲೋ ಪೊಟ್ಟಣಗಳೂ ಹೋದವು. ಮಳಿಗೆಯ ದೂರು ಪುಸ್ತಕದಲ್ಲಿ ಬರೆದೆವು, ವಲಯ ವ್ಯವಸ್ಥಾಪಕರನ್ನು ಕಂಡೆವು, ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿದೆವು. ‘ಪರಿಶೀಲಿಸಲಾಗುವುದು’ ಎಂದು ನಡಾವಳಿಯಲ್ಲಿ ದಾಖಲಾಯಿತು. ಆಮೇಲೆ ಉಳಿದಿದ್ದ ಹುರುಳಿ ಮೂಟೆಯೂ ಗೋದಾಮಿಗೆ ವಾಪಸು ಹೋಯಿತು. ತಾಳ್ಮೆ ಅಲ್ಲಿಗೆ ಮುಗಿದಿದ್ದರಿಂದ ಈ ಮನವಿ.

ಯಾವ ಸರಕನ್ನೂ ತೆಗೆಯಬಾರದೆಂದು ನಾವು ಹೇಳುತ್ತಿಲ್ಲ. ಧೂಳು ಹಿಡಿದು ಕೂತ ಪ್ಲಾಸ್ಟಿಕ್ ಬಕೆಟ್ಟುಗಳನ್ನೂ ಒಂದೇ ಬಗೆಯ ಮೂರು ಕಂಪನಿಗಳ ಫಿನಾಯಿಲನ್ನೂ ಇವತ್ತೇ ತೆಗೆಯಿರಿ, ಯಾರೂ ಅಳುವುದಿಲ್ಲ. ಸಿರಿಧಾನ್ಯಕ್ಕೆ ಹುಳ ಬೀಳುತ್ತದೆ, ಅವಧಿ ಮೀರಿದ ಸರಕಿನ ನಷ್ಟ ಸಂಘದ ತಲೆಗೇ ಬರುತ್ತದೆ ಎಂಬುದೂ ಗೊತ್ತು. ನಮ್ಮ ತಕರಾರು ಇರುವುದು ತಾವು ಆಧಾರವಾಗಿ ಹಿಡಿದ ಲೆಕ್ಕದ ಮೇಲೆ.

ಸುತ್ತೋಲೆಗೆ ಆಧಾರ ಏಪ್ರಿಲ್‌ನಿಂದ ಜೂನ್‌ವರೆಗಿನ ಬಿಲ್ಲಿಂಗ್ ಯಂತ್ರದ ಮಾರಾಟ ಪಟ್ಟಿ. ಅದರಲ್ಲಿ ನವಣೆಯ ಮುಂದೆ ಸೊನ್ನೆ ಇದೆ, ನಿಜ. ಆದರೆ ಅದೇ ತಿಂಗಳುಗಳ ಇಂಡೆಂಟ್ ಪುಸ್ತಕ ನೋಡಬೇಕು (ಅಡಕ 1). ಮಳಿಗೆಯವರು ವಾರವಾರವೂ ನವಣೆ, ಸಾಮೆ ಕೇಳಿದ್ದಾರೆ. ಗೋದಾಮಿನ ಚಲನ್‌ಗಳಲ್ಲಿ (ಅಡಕ 2) ಅವುಗಳ ಎದುರು ‘ದಾಸ್ತಾನಿಲ್ಲ’ ಎಂಬ ಮುದ್ರೆ. ದಾಸ್ತಾನು ವಹಿಯ ನಕಲೂ (ಅಡಕ 3) ಇದನ್ನೇ ಹೇಳುತ್ತದೆ. ಕಳಿಸದ ಸರಕು ಮಾರಾಟವಾಗಲಿಲ್ಲವೆಂದು ಷರಾ ಬರೆದವರು ಯಾರೆಂದು ಕೇಳುವುದು ಮರ್ಯಾದೆಯಲ್ಲ, ಕೇಳುವುದಿಲ್ಲ. ಗಿರಾಕಿ ಬಂದು ಬರಿಗೈಲಿ ಹೋದದ್ದು ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ ಎಂಬುದನ್ನಾದರೂ ಒಪ್ಪಬೇಕು.

ಹುರುಳಿಯ ಕಥೆ ಇನ್ನೂ ವಿಚಿತ್ರ. ಚಿಲ್ಲರೆಯಾಗಿ ತೂಗಿ ಕೊಡುವ ಹುರುಳಿಗೆ ಯಂತ್ರದಲ್ಲಿ ಕೋಡ್ ಇರಲಿಲ್ಲ. ಕೌಂಟರ್‌ನವರು ‘ಇತರೆ ಧಾನ್ಯ’ ಎಂದು ಒತ್ತಿ ಬಿಲ್ ಕೊಟ್ಟರು. ಸದಸ್ಯರು ಜೋಪಾನವಾಗಿ ಇಟ್ಟುಕೊಂಡಿದ್ದ ಅಂಥ ಬಿಲ್ಲುಗಳನ್ನು ಲಗತ್ತಿಸಿದ್ದೇವೆ (ಅಡಕ 4). ಕಚೇರಿ ಪಟ್ಟಿಯಲ್ಲಿ ಹುರುಳಿ ಮಾರಾಟವಾಗಿಲ್ಲ, ‘ಇತರೆ ಧಾನ್ಯ’ ಮಾತ್ರ ಚೆನ್ನಾಗಿ ಹೋಗಿದೆ. ಆ ಇತರೆ ಯಾವುದೆಂದು ಯಾರೂ ವಿಚಾರಿಸಲಿಲ್ಲ.

ಇನ್ನು ಹಿದುಕಿದ ಬೇಳೆ. ಮಾಗಡಿ ಕಡೆಯ ಸೊಗಡಿನ ಅವರೆ ಇಲ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಅದನ್ನು ಮೇ ತಿಂಗಳ ಲೆಕ್ಕದಲ್ಲಿ ಹುಡುಕಿ ಸಿಗಲಿಲ್ಲವೆಂದು ಪಟ್ಟಿಯಿಂದ ಕಿತ್ತರೆ ಮಾಗಡಿ ರೈತರು ನಗುತ್ತಾರೆ. ಅದೂ ಅಲ್ಲದೆ ರಾಜಾಜಿನಗರ, ವಿಜಯನಗರ, ಕೆಂಗೇರಿ ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯಲಾಗಿದೆ. ರಾಮೋಹಳ್ಳಿ, ಕೊಮ್ಮಘಟ್ಟ, ಕುಂಬಳಗೋಡಿನಿಂದ ಸಂತೆಗೆ ಬಂದಂತೆ ಇಲ್ಲಿಗೆ ಬರುವವರ ಅಡುಗೆಮನೆಯೇ ಬೇರೆ. ಸಕ್ಕರೆ ಕಾಯಿಲೆಯ ಹಿರಿಯರು ಸಾಮೆಗೆಂದು ಬಂದು ಎಣ್ಣೆ, ಸೋಪು, ಬೇಳೆ ಒಯ್ಯುತ್ತಿದ್ದರು. ಈಗ ಇಡೀ ಚೀಲವನ್ನು ಮೈಸೂರು ರಸ್ತೆಯ ಖಾಸಗಿ ಮಾಲ್‌ನಲ್ಲಿ ತುಂಬಿಸಿಕೊಳ್ಳುತ್ತಿದ್ದಾರೆ. ಸಾಮೆಯ ಲಾಭ ಎಷ್ಟೆಂದು ಲೆಕ್ಕ ಹಾಕಿದವರು ಆ ಚೀಲವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಿರುಧಾನ್ಯ ಬೆಳೆಯಲಿ ಎಂದು ರಾಜ್ಯ ಸರ್ಕಾರ ‘ರೈತ ಸಿರಿ’ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ತಮ್ಮ ಮಳಿಗೆಯಲ್ಲೂ ಬ್ಯಾನರ್ ಕಟ್ಟಿದ್ದರು. ಬ್ಯಾನರ್ ಇನ್ನೂ ಇದೆ, ಧಾನ್ಯವಿಲ್ಲ. ಪಡಿತರದ ವಿಷಯದಲ್ಲಿ ಸರ್ಕಾರ ಮೊದಲು ಕಾರ್ಡುದಾರರ ಅಭಿಪ್ರಾಯ ಕೇಳಿತು. ಆ ಬಳಿಕ 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲಾಗಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ಅಮೆರಿಕದ ವಾಲ್‌ಮಾರ್ಟ್‌ನಂಥ ದೈತ್ಯ ಕಂಪನಿಯೇ ಕಪಾಟು ಚೊಕ್ಕ ಮಾಡಲು ಹೋಗಿ ಗಿರಾಕಿ ಕಳೆದುಕೊಂಡು 2011ರಲ್ಲಿ ಸುಮಾರು 8,500 ಬಗೆಯ ಸರಕನ್ನು ವಾಪಸು ತಂದಿತು. ಅವರಿಗೆ ಆ ನಷ್ಟ ತಾಳಿಕೊಳ್ಳುವ ಶಕ್ತಿಯಿತ್ತು. ನಮ್ಮ ಷೇರು ಹಣಕ್ಕೆ ಇಲ್ಲ.

ಆದುದರಿಂದ ಸುತ್ತೋಲೆಯನ್ನು ಕೂಡಲೇ ತಡೆಹಿಡಿಯಬೇಕು. ಒಂದು ಪೂರ್ತಿ ವರ್ಷದ ಲೆಕ್ಕವನ್ನು, ದಾಸ್ತಾನು ಇಲ್ಲದ ದಿನಗಳನ್ನು ಬಿಟ್ಟು, ಮಳಿಗೆವಾರು ತೆಗೆಸಬೇಕು. ಯಾವುದೇ ಸರಕು ತೆಗೆಯುವ ಮುನ್ನ ಅದರ ಹೆಸರನ್ನು ಸೂಚನಾ ಫಲಕದಲ್ಲಿ ಒಂದು ತಿಂಗಳು ಹಾಕಿ ಸದಸ್ಯರ ಆಕ್ಷೇಪಣೆ ಕರೆಯಬೇಕು. ಅವರೆ ಕಾಲ ಬಾಗಿಲಲ್ಲಿದೆ. ಹಿದುಕಿದ ಬೇಳೆಯ ಖರೀದಿ ಆದೇಶವಂತೂ ಸಂಕ್ರಾಂತಿ ತನಕ ಕಾಯುವಂಥದ್ದಲ್ಲ.

ಇದೇ ಸಂದರ್ಭದಲ್ಲಿ ಇನ್ನು ಕೆಲವು ವಿಷಯಗಳನ್ನೂ ಗಮನಕ್ಕೆ ತರುತ್ತೇವೆ. ಚಿಲ್ಲರೆಗೆ ಬದಲು ಚಾಕೊಲೇಟ್ ಕೊಡುವುದು ನಿಲ್ಲಲಿ. ಹಿರಿಯರಿಗೆ ಒಂದು ಬೆಂಚು, ಕುಡಿಯುವ ನೀರು ಬೇಕು. ಮಧ್ಯಾಹ್ನ ಷಟರ್ ಎಳೆಯುವ ಹೊತ್ತು ಬೋರ್ಡಿನಲ್ಲಿರುವಂತೆಯೇ ಇರಲಿ. ಹುರಿಹಿಟ್ಟು, ಚಟ್ನಿಪುಡಿ ಪೂರೈಸುತ್ತಿದ್ದ ಸ್ಥಳೀಯ ಮಹಿಳಾ ಸ್ವಸಹಾಯ ಗುಂಪಿನ ಬಾಕಿ ಬಿಲ್ಲುಗಳನ್ನು ಬಡ್ಡಿಸಮೇತ ಪಾವತಿಸಬೇಕು. ಗುಂಪಿನವರು ಕೆಲವರು ಈ ಮನವಿಗೂ ಸಹಿ ಹಾಕಿದ್ದಾರೆ, ಅದು ಬೇರೆ ಮಾತು. ಮಳಿಗೆ ಆವರಣದ ಹಿಟ್ಟಿನ ಗಿರಣಿಯ ಬಾಡಿಗೆ ಕರಾರನ್ನು ಈಗ ನಡೆಸುತ್ತಿರುವ ಹಿರಿಯ ಸದಸ್ಯರಿಗೇ ಹಳೆಯ ದರದಲ್ಲಿ ನವೀಕರಿಸಿದರೆ, ಧಾನ್ಯ ಕೊಂಡವರಿಗೆ ಅಲ್ಲೇ ಬೀಸಿಸಿಕೊಂಡು ಹೋಗಲು ಅನುಕೂಲ.

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಲ್ಲಿ ವಿಚಾರಣೆಗೆ ಅವಕಾಶವಿರುವುದನ್ನು ತಮ್ಮಂಥ ಅನುಭವಿಗಳಿಗೆ ನೆನಪಿಸಬೇಕಾಗಿಲ್ಲ. ಅಲ್ಲಿಯವರೆಗೆ ಹೋಗುವ ಇಚ್ಛೆ ನಮಗಿಲ್ಲ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ದಯಪಾಲಿಸಬೇಕು. ‘ಪರಿಶೀಲಿಸಲಾಗುವುದು’ ಎಂಬುದನ್ನು ಉತ್ತರವೆಂದು ಪರಿಗಣಿಸಲಾಗುವುದಿಲ್ಲ.


ತಮ್ಮ ವಿಶ್ವಾಸಿಗಳು
(ಸದಸ್ಯರ ಸಹಿ ಮತ್ತು ಷೇರು ಸಂಖ್ಯೆ ಪ್ರತ್ಯೇಕ ಹಾಳೆಯಲ್ಲಿ)

ಪ್ರತಿ: ಸಹಕಾರ ಸಂಘಗಳ ನಿಬಂಧಕರಿಗೆ, ಎಲ್ಲ ಅಡಕಗಳ ಸಮೇತ, ಮಾಹಿತಿಗಾಗಿ.