ಮುಂಬಯಿಯ ಹೊಸ ಲೋಕಲ್: ಬಾಗಿಲು ಮುಚ್ಚಿದ್ದು ಯಾರಿಗೆ?

ಮುಂಬಯಿಯ ಹಳೆಯ ಲೋಕಲ್ ಗಾಡಿಗಳನ್ನು ಕ್ರಮೇಣ ತೆಗೆದುಹಾಕಿ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಹವಾನಿಯಂತ್ರಿತ ಗಾಡಿಗಳನ್ನು ಓಡಿಸುವ ಏರ್ಪಾಡು ನಡೆದಿದೆ. ಮೊದಲನೆಯದು 2017ರ ಡಿಸೆಂಬರ್ 25ರಂದು ಓಡಿತು. ಇನ್ನು 238 ಗಾಡಿಗಳನ್ನು ಕೊಳ್ಳುವ ಯೋಜನೆಯಿದೆ. ಪರಊರಿನ ಸುದ್ದಿ ನಮಗೇಕೆಂದು ಓದುಗ ಬಂಧುಗಳು ಪುಟ ತಿರುವಬಾರದು. ಆ ಊರಿನ ಗಿರಣಿಗಳಲ್ಲಿ ನೂಲು ತೆಗೆದು, ಹೋಟೆಲುಗಳಲ್ಲಿ ಲೋಟ ತೊಳೆದು, ಮನೆಗೆ ಮನಿಯಾರ್ಡರು ಕಳಿಸಿದ ಕನ್ನಡಿಗರು ಎಷ್ಟು ಮಂದಿ! ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಅದೇ ಲೋಕಲಿನ ಬಾಗಿಲಲ್ಲಿ ಜೋತುಬಿದ್ದು ದುಡಿಮೆಗೆ ಹೋಗುತ್ತಾರೆ.

ಜನದಟ್ಟಣೆಯ ಹೊತ್ತಿನಲ್ಲಿ ಒಂದು ಚದರ ಮೀಟರು ಜಾಗದಲ್ಲಿ 14ರಿಂದ 16 ಜನ ನಿಂತಿರುತ್ತಾರೆ. 2023ರೊಂದರಲ್ಲೇ ಆ ಹಳಿಗಳ ಮೇಲೆ ಸತ್ತವರು 2,590 ಮಂದಿ. ಹಳಿ ದಾಟುವಾಗ ಸತ್ತವರೂ ಇದರಲ್ಲಿ ಸೇರಿದ್ದಾರೆ. ಆದರೂ ದಿನಕ್ಕೆ ಏಳು ಹೆಣವೆಂದರೆ ಯುದ್ಧದ ಲೆಕ್ಕ. ಮನುಷ್ಯರನ್ನು ದನಗಳಂತೆ ಸಾಗಿಸುತ್ತಿದ್ದೀರೆಂದು 2024ರಲ್ಲಿ ಮುಂಬಯಿ ಹೈಕೋರ್ಟು ರೈಲ್ವೆಯನ್ನು ತರಾಟೆಗೆ ತೆಗೆದುಕೊಂಡಿತು. ಮರುವರ್ಷ ಜೂನ್ 9ರಂದು ಮುಂಬ್ರಾದ ತಿರುವಿನಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಹಾದುಹೋಗುವಾಗ, ಬಾಗಿಲಲ್ಲಿ ನೇತಾಡುತ್ತಿದ್ದವರು ಉದುರಿ ಬಿದ್ದು ಜೀವ ಕಳೆದುಕೊಂಡರು.

ಆದುದರಿಂದ ಮುಚ್ಚುವ ಬಾಗಿಲಿನ ಹೊಸ ಗಾಡಿ ಬೇಕೇ ಬೇಕು. ತಂಪುಗಾಳಿ ಶ್ರೀಮಂತರ ಷೋಕಿ, ಕಾರ್ಮಿಕನಿಗೇಕೆ ಎಂದು ನಮ್ಮವರಲ್ಲೇ ಕೆಲವರು ಹೇಳುವುದುಂಟು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮೇ ತಿಂಗಳ ಧಗೆಯಲ್ಲಿ ಬೆವರುವವನು ಕಾರ್ಮಿಕನೇ ಅಲ್ಲವೆ? ತಕರಾರಿರುವುದು ದರದ ಬಗ್ಗೆ. 2022ರಲ್ಲಿ ತಂಪುಗಾಡಿಯ ದರವನ್ನು ಅರ್ಧಕ್ಕೆ ಇಳಿಸಿದರು. ಇಳಿಸಿದ ಮೇಲೂ ಛತ್ರಪತಿ ಶಿವಾಜಿ ಟರ್ಮಿನಸ್ಸಿನಿಂದ ಕಲ್ಯಾಣಕ್ಕೆ 105 ರೂಪಾಯಿ. ಸಾದಾ ಎರಡನೇ ದರ್ಜೆಗೆ 15 ರೂಪಾಯಿ. ಏಳು ಪಟ್ಟು!

ಬೇಕಾದವರು ಹತ್ತಲಿ, ಬೇಡದವರು ಬಿಡಲಿ ಎಂದು ಅಧಿಕಾರಿಗಳು ಹೇಳಬಹುದು. ಇದರಲ್ಲೇ ಮೋಸವಿರುವುದು. ಬೆಳಗಿನ ಹೊತ್ತು ಆ ಹಳಿಗಳ ಮೇಲೆ ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ. ಹೊಸದೊಂದನ್ನು ತುರುಕಲು ಜಾಗವಿಲ್ಲ. ತಂಪುಗಾಡಿಯೊಂದು ಬಂತೆಂದರೆ ಅದೇ ವೇಳೆಯ ಸಾದಾ ಗಾಡಿಯೊಂದು ಹೋಯಿತೆಂದೇ ಅರ್ಥ. ಆ ಗಾಡಿಯ ಜನ ಮುಂದಿನ ಸಾದಾ ಗಾಡಿಯ ಬಾಗಿಲಿಗೆ ಬೀಳುತ್ತಾರೆ. ಒಂದು ಗಾಡಿಯ ಬಾಗಿಲನ್ನು ಭದ್ರಪಡಿಸಿ ಹಿಂದಿನ ಗಾಡಿಯ ಬಾಗಿಲಲ್ಲಿ ಇನ್ನಷ್ಟು ಜನರನ್ನು ನೇತುಹಾಕಿದಂತಾಯಿತು. 2022ರ ಆಗಸ್ಟಿನಲ್ಲಿ ಕಳವಾ, ಬದಲಾಪುರಗಳ ಪ್ರಯಾಣಿಕರು ಪ್ರತಿಭಟಿಸಿದ್ದು ಇದಕ್ಕಾಗಿ. ಮಧ್ಯ ರೈಲ್ವೆಯು ಹತ್ತು ತಂಪುಗಾಡಿಗಳ ಓಡಾಟವನ್ನು ಹಿಂತೆಗೆದುಕೊಂಡಿತು. ಬಡವರು ಒಗ್ಗಟ್ಟಾಗಿ ನಿಂತರೆ ವೇಳಾಪಟ್ಟಿಯೂ ಬದಲಾಗುತ್ತದೆ.

ಹಳೆಯ ಗಾಡಿ ಹೋಗಿ ಹೊಸದು ಬಂದದ್ದು ಇದೇ ಮೊದಲಲ್ಲ. 1925ರಲ್ಲಿ ಬೋರಿಬಂದರದಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದಾಗಿನ 1,500 ವೋಲ್ಟಿನ ವ್ಯವಸ್ಥೆಯನ್ನು ಇತ್ತೀಚೆಗೆ 25,000 ವೋಲ್ಟಿಗೆ ಬದಲಿಸಿದರು. 2016ರಲ್ಲಿ ಆ ಕೆಲಸ ಮುಗಿಯಿತು. ಅದರ ಸಲುವಾಗಿ 2007ರಿಂದ ಹೊಸ ಗಾಡಿಗಳೂ ಬಂದವು. ಗಾಳಿಯಾಡುವ ಆ ಗಾಡಿಗಳನ್ನು ವಿಶ್ವಬ್ಯಾಂಕಿನ ಸಾಲದಿಂದ ತಂದರೂ, ಅವಕ್ಕೆಂದು ಬೇರೆ ದರ ಕಟ್ಟಲಿಲ್ಲ. ಎರಡನೇ ದರ್ಜೆಯ ಪಾಸು ಹಿಡಿದವನು ನೆಟ್ಟಗೆ ಹತ್ತಿದ. ಆಗ ಸಾಧ್ಯವಾದದ್ದು ಈಗೇಕೆ ಅಸಾಧ್ಯ?

ಲೋಕಲ್ ಗಾಡಿಗಳಿಂದ ನಷ್ಟವೆಂದು ರೈಲ್ವೆಯವರು ರಾಗವೆಳೆಯುತ್ತಾರೆ. 1982ರ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದಲ್ಲಿ ಗಗನಚುಂಬಿ ಕಟ್ಟಡಗಳೆದ್ದವು, ಫೀನಿಕ್ಸ್ ಮಿಲ್ಲು ಮಾಲ್ ಆಯಿತು. ಕಾರ್ಮಿಕರ ಸಂಸಾರಗಳು ಎಷ್ಟೋ ಪರೇಲಿನ ಚಾಳು ಬಿಟ್ಟು ಡೊಂಬಿವಲಿ, ವಿರಾರಗಳ ಕಡೆ ಸರಿದವು. ಅಲ್ಲಿಂದ ಬಂದು ಆ ಕಟ್ಟಡಗಳ ನೆಲ ಒರೆಸುವವರಿಲ್ಲದೆ ಮಾಲೀಕರಿಗೆ ಒಂದು ದಿನ ನಡೆದೀತೆ? ನಷ್ಟವನ್ನು ಆ ನೆಲದ ಲಾಭದಿಂದ ವಸೂಲು ಮಾಡಲಿ.

ಮುಂಬ್ರಾದ ಸಾವುಗಳಾದ ಮೇಲೆ, ಹವಾನಿಯಂತ್ರಣವಿಲ್ಲದ ಸಾದಾ ಗಾಡಿಗೂ ಮುಚ್ಚುವ ಬಾಗಿಲು ಇಡುತ್ತೇವೆಂದು ರೈಲ್ವೆ ಪ್ರಕಟಿಸಿತು. ಒಳ್ಳೆಯದೇ. ಆದರೆ ಹೊಸ ಗಾಡಿ ಯಾವುದೇ ಆಗಲಿ, ಎರಡನೇ ದರ್ಜೆಯ ಪಾಸಿಗೆ ಅದರ ಬಾಗಿಲು ತೆರೆಯಬೇಕು. ಮೀನು, ತರಕಾರಿ ಮಾರುವವರ ಬುಟ್ಟಿಗೆ, ಡಬ್ಬಾವಾಲಾನ ಹೊರೆಗೆ ಅದರಲ್ಲಿ ಬೇರೆ ಡಬ್ಬಿಯಿರಬೇಕು. ಅಲ್ಲಿಯ ತನಕ ಒಂದೇ ಒಂದು ಸಾದಾ ಗಾಡಿಯನ್ನೂ ವೇಳಾಪಟ್ಟಿಯಿಂದ ತೆಗೆಯಕೂಡದು. 1967ರ ಚುನಾವಣೆಯಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ ಎಸ್. ಕೆ. ಪಾಟೀಲರು ಆಗ ರೈಲ್ವೆ ಮಂತ್ರಿಗಳಾಗಿದ್ದರೆಂಬುದನ್ನು ಇಂದಿನವರಿಗೆ ಯಾರಾದರೂ ತಿಳಿಸಲಿ.