ನಗೆಯ ಶಿಲಾಯುಗ

ನಗುತ್ತ ನಗುತ್ತ ಶಿಲಾಯುಗಕ್ಕೆ ಹೋಗಿಬರುವುದು ಎಳೆಯರಿಗೆ ಬಲು ಮೆಚ್ಚಿನ ಸಾಹಸ. 1960ರಿಂದ 1966ರವರೆಗೆ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ‘ದಿ ಫ್ಲಿಂಟ್‌ಸ್ಟೋನ್ಸ್’ ಎಂಬ ವ್ಯಂಗ್ಯಚಿತ್ರಮಾಲೆ ಈ ಬಗೆಯದು. ಅದರ ನಾಯಕ ಫ್ರೆಡ್ ಕಲ್ಲುಗಣಿಯ ಕೆಲಸಗಾರ. ಭಾರವೆತ್ತುವ ಯಂತ್ರದ ಬದಲು ಅವನಿಗೊಂದು ಡೈನೋಸಾರ್ ಇದೆ; ಕಲ್ಲಿನ ಉರುಳೆಗಳ ಮೇಲೆ ನಿಂತ ಅವನ ಕಾರನ್ನು ನಡೆಸುವುದು ಅವನ ಕಾಲುಗಳೇ! ಇಂಥದನ್ನು ವಿದ್ಯಾರ್ಥಿಗಳ ಕಣ್ಣಿಗೆ ಬೀಳಿಸಬಾರದು, ತಪ್ಪು ವಿಜ್ಞಾನವನ್ನು ಕಲಿತಾರು ಎಂದು ಕೆಲವು ಹಿರಿಯರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು.

ತಪ್ಪು ಇರುವುದೇನೋ ನಿಜ. ಪಕ್ಷಿಗಳನ್ನುಳಿದು ಮಿಕ್ಕ ಡೈನೋಸಾರ್‌ಗಳೆಲ್ಲ ಅಳಿದು ಸುಮಾರು 6 ಕೋಟಿ 60 ಲಕ್ಷ ವರ್ಷಗಳಾದುವು. ನಮ್ಮ ಮಾನವ ಜಾತಿಯ ವಯಸ್ಸು ಸುಮಾರು 3 ಲಕ್ಷ ವರ್ಷ. ಚಕ್ರದ ವಯಸ್ಸು ಸುಮಾರು 5,500 ವರ್ಷ. ಡೈನೋಸಾರ್‌ಗಳು ಅಳಿದಂದಿನಿಂದ ಇಂದಿನವರೆಗಿನ ಕಾಲವನ್ನು ಒಂದು ದಿನಕ್ಕೆ ಕುಗ್ಗಿಸಿದರೆ, ನಾವು ರಂಗಕ್ಕೆ ಬಂದುದು ಕೊನೆಯ ಆರೂವರೆ ನಿಮಿಷಗಳಲ್ಲಿ. ಚಕ್ರ ಉರುಳತೊಡಗಿದುದು ಕೊನೆಯ ಏಳು ಸೆಕೆಂಡುಗಳಲ್ಲಿ. ಆ ಕಾರಿನ ಲೆಕ್ಕವನ್ನೂ ನೋಡೋಣ. ಒಂದೂವರೆ ಮೀಟರು ಉದ್ದ, 30 ಸೆಂಟಿಮೀಟರು ತ್ರಿಜ್ಯವುಳ್ಳ ಗ್ರಾನೈಟ್ ಉರುಳೆಯೊಂದರ ತೂಕ 1,100 ಕಿಲೋಗ್ರಾಮಿಗೂ ಮಿಗಿಲು. ಅಂಥವು ಎರಡು! ಅದನ್ನು ಕಾಲಿನಿಂದ ಓಡಿಸುವುದು ಹೇಗೋ ಏನೋ. ಓಡಿದ ಬಳಿಕ ಹಿಮ್ಮಡಿಯೂರಿ ನಿಲ್ಲಿಸುವ ಸಾಹಸಕ್ಕೆ ನ್ಯೂಟನ್ನನ ನಿಯಮಗಳನ್ನು ಓದಿದವರಾರೂ ಕೈಹಾಕರು.

ಆದರೆ ಈ ತಪ್ಪನ್ನು ಬಲ್ಲವನೇ ಹೆಚ್ಚು ನಗುವನು. ಕಾಲದ ಲೆಕ್ಕವನ್ನರಿಯದವನಿಗೆ ಡೈನೋಸಾರಿನ ಬೆನ್ನೇರಿದವನು ಬರಿಯ ಸವಾರ. ಅರಿತವನಿಗೆ ಅವನೊಂದು ವಿನೋದ. ಆದುದರಿಂದ ಎಳೆಯರ ಕೈಯಿಂದ ಇಂಥ ಕಥೆಗಳನ್ನು ಕಸಿಯುವುದು ಬೇಡ. ಲೆಕ್ಕವನ್ನು ಕಲಿಸಿದರೆ ಸಾಕು.

ನಮ್ಮ ಮನಸ್ಸಿಗೆ ಒಗ್ಗದ ತಪ್ಪು ಬೇರೊಂದಿದೆ. ಈ ಬಗೆಯ ಬೇರೆ ಹಲವು ಕಥೆಗಳಲ್ಲಿ ಆದಿಮಾನವನೆಂದರೆ ದೊಣ್ಣೆ ಹಿಡಿದ ಮಂಕ. ಗುರುಗುಟ್ಟುವುದೇ ಅವನ ಭಾಷೆ. ಡೈನೋಸಾರನ್ನು ಕಂಡು ನಕ್ಕವರು ಅದನ್ನು ನಂಬುವುದಿಲ್ಲ. ಇವನನ್ನು ಕಂಡು ನಕ್ಕವರೋ ನಂಬಿಯೇ ಬಿಡುತ್ತಾರೆ. ಅಪಾಯವಿರುವುದು ಇಲ್ಲಿ.

ದೂರ ಹೋಗಬೇಕಾಗಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯ ಕಲ್ಲುಗಣಿಯೊಂದನ್ನು ಪುರಾತತ್ತ್ವಜ್ಞರು ಅಗೆದು ತೋರಿಸಿದ್ದಾರೆ. ನಮ್ಮ ಜಾತಿಗೂ ಹಿಂದಿನ ಮಾನವರು ಅಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಆರಿಸಿ, ಬೇರೆ ಕಲ್ಲಿನಿಂದ ಹೊಡೆದು ಚಕ್ಕೆಯೆಬ್ಬಿಸಿ, ಕೈಗೊಡಲಿಗಳನ್ನು ಮಾಡಿದರು. ಎಲ್ಲಿ, ಯಾವ ಕೋನದಲ್ಲಿ, ಎಷ್ಟು ಬಲದಿಂದ ಹೊಡೆದರೆ ಕಲ್ಲು ಹೇಗೆ ಸೀಳುವುದೆಂಬುದು ಅವರ ಕೈಗೆ ತಿಳಿದಿತ್ತು. ತರಗತಿಯ ಜಾಣರು ಒಮ್ಮೆ ಕಲ್ಲಿಗೆ ಕಲ್ಲು ಕುಟ್ಟಿ ಕೊಡಲಿ ಮಾಡಹೊರಡಲಿ. ಕಲ್ಲಿಗಿಂತ ಮೊದಲು ಬೆರಳು ಜಜ್ಜುವುದು! ಯಾರು ಯಾರನ್ನು ಕಂಡು ನಗಬೇಕೆಂಬುದು ಆಗ ತಾನಾಗಿಯೇ ಹೊಳೆಯುತ್ತದೆ.

ಹೀಗೆ ಫ್ರೆಡ್ಡನಂಥ ಗಣಿಕೆಲಸಗಾರರು ನಮ್ಮ ನೆಲದಲ್ಲೂ ಇದ್ದರು. ಅವರ ನಗೆಸಾಹಸವನ್ನು, ಇದನ್ನೋದುವ ಎಳೆಯ ಗೆಳೆಯರಲ್ಲೊಬ್ಬರು ಕನ್ನಡದಲ್ಲಿ ಬರೆಯಲಿ ಎಂಬುದು ನಮ್ಮ ಆಸೆ. ಡೈನೋಸಾರ್ ಬೇಕೇ ಬೇಕೆನಿಸಿದರೆ ಅದೂ ಬರಲಿ, ಕ್ಷಮಿಸೋಣ. ಕಥೆಯ ಆದಿಮಾನವ ಎಡವಲಿ, ಬೀಳಲಿ, ಮನೆಯವರಿಂದ ಬೈಸಿಕೊಳ್ಳಲಿ. ದಡ್ಡನು ಮಾತ್ರ ಆಗದಿರಲಿ.